ಎಲ್ಲರೂ ಆನೆ ಬಗ್ಗೆ ಕೇಳ್ತಾರೆ, ಹುರುಳಿ ಬಗ್ಗೆ ಯಾರೂ ಕೇಳಲ್ಲ

ನಾನು ಬೈಕ್ ಸವಾರಿ ಕಲಿಸುವವನು. ಭಾನುವಾರದ ತರಗತಿಯಲ್ಲಿ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಯಾವಾಗಲೂ ಇದೇ: "ಸಾರ್, ಎದುರಿಗೆ ಆನೆ ಬಂದ್ರೆ ಏನ್ ಮಾಡೋದು?" ಕೊನೆಗೆ ಹೇಳ್ತೀನಿ, ಕೂತ್ಕೊಳ್ಳಿ ಅಂತೀನಿ. ಆನೆ ಕಂಡು ಬಿದ್ದವರು ಇದುವರೆಗೆ ನನ್ನ ಬಳಿ ಒಬ್ಬರೂ ಬಂದಿಲ್ಲ. ನಾಯಿ, ಹಂದಿ, ಹಸು ಅಡ್ಡ ಬಂದೋ ಹುರುಳಿ ಮೇಲೆ ಜಾರಿಯೋ ಹೆಗಲ ಮೂಳೆ ಮುರಿದುಕೊಂಡವರು ಮಾತ್ರ ಪ್ರತಿ ತಂಡದಲ್ಲೂ ಇರುತ್ತಾರೆ.

ಹೌದು, ಹುರುಳಿ. ಡಿಸೆಂಬರ್, ಜನವರಿಯಲ್ಲಿ ಮಂಡ್ಯ, ತುಮಕೂರು ಕಡೆಯ ಒಳರಸ್ತೆ ಹಿಡಿದರೆ ಗೊತ್ತಾಗುತ್ತದೆ. ಹೊಲದಲ್ಲಿ ಕಣ ಮಾಡುವವರು ಕಡಿಮೆಯಾಗಿ ಈಗ ಡಾಂಬರೇ ಕಣ, ನಮ್ಮ ಟೈರೇ ರೋಣಗಲ್ಲು. ಹರವಿದ ಬಳ್ಳಿ ದೂರದಿಂದ ಹಾಸಿಗೆ ಹಾಸಿದ ಹಾಗೆ ಕಾಣುತ್ತದೆ. ಒಳಗೆ ನುಗ್ಗಿದ ಮೇಲೆ ಟೈರಿಗೆ ರಸ್ತೆಯೇ ಸಿಗುವುದಿಲ್ಲ. ಮೇಲೆ ಒಣಬಳ್ಳಿ, ಕೆಳಗೆ ಉದುರಿದ ನುಣುಪು ಕಾಳು. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದಿರೋ, ಮುಗಿಯಿತು. "ನನ್ನ ಗಾಡಿಗೆ ಎಬಿಎಸ್ ಇದೆಯಲ್ಲ ಸಾರ್" ಎನ್ನುವವರಿದ್ದಾರೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯವಾಗಿದೆ, ನಿಜ. ಅದು ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೆ. ಇಲ್ಲದ ಹಿಡಿತವನ್ನು ಎಲ್ಲಿಂದ ತಂದೀತು?

ಬಳ್ಳಿ ಶುರುವಾಗುವ ಮೊದಲೇ ವೇಗ ಇಳಿಸಿ, ಎರಡನೇ ಗೇರಿಗೆ ಬನ್ನಿ. ಗಾಡಿ ನೆಟ್ಟಗಿರಲಿ, ಹ್ಯಾಂಡಲ್ ಸಡಿಲವಾಗಿ ಹಿಡಿಯಿರಿ, ಒಂದೇ ಸಮನೆ ಆಕ್ಸಿಲರೇಟರ್ ಕೊಡುತ್ತ ದಾಟಿ. ದಾಟಿದ ಮೇಲೆ ನಿಂತು, ಸೈಲೆನ್ಸರಿಗೂ ಚೈನಿಗೂ ಸುತ್ತಿಕೊಂಡ ಬಳ್ಳಿ ಕಿತ್ತುಹಾಕಿ.

ನಿಜವಾದ ಅಪಾಯ ಮಾತ್ರ ಬಳ್ಳಿಯ ಅಂಚಿನಲ್ಲಿರುತ್ತದೆ. ವಾಹನಗಳು ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳದಿರಲಿ ಎಂದು ರೈತರು ಕಲ್ಲಿನ ಸಾಲು ಇಟ್ಟಿರುತ್ತಾರೆ. ಕಾಳು ತೂರಿ ಮೂಟೆ ಕಟ್ಟಿ ಮನೆಗೆ ಹೋದ ಮೇಲೂ ಕಲ್ಲು ಅಲ್ಲೇ ಉಳಿಯುತ್ತದೆ. ನಾಗಮಂಗಲದ ಬಳಿ ಒಂದು ಸಂಜೆ ನಾನೇ ಅಂಥ ಕಲ್ಲಿಗೆ ಹೊಡೆದು ಹೊಲಕ್ಕೆ ಹಾರಿದ್ದೆ. ಮೊರ ಹಿಡಿದು ಓಡಿಬಂದ ಅಜ್ಜಿ ನೀರು ಕೊಟ್ಟು, "ಯಾಕ್ಲಾ ಮಗ ಅಷ್ಟೊಂದ್ ಅವಸ್ರ?" ಅಂದರು. ಕಲ್ಲಿನ ಬಗ್ಗೆ ಜಗಳವಾಡಬೇಕೆಂದಿದ್ದೆ. ಬಾಯಿ ಬರಲಿಲ್ಲ.

ಕರಾವಳಿಗೆ ಇಳಿದರೆ ಪಾಠ ಬೇರೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋಗಬೇಡಿ. ಅದು ಸುರಿಸಿಕೊಂಡು ಹೋಗುವ ನೀರಿನಲ್ಲಿ ಮೀನಿನ ಜಿಡ್ಡೂ ಇರುತ್ತದೆ. ತಿರುವಿನಲ್ಲಿ ಅದರ ಮೇಲೆ ಗಾಡಿ ವಾಲಿಸಿದರೆ ಎಣ್ಣೆ ಮೇಲೆ ವಾಲಿಸಿದ ಹಾಗೆ. ಮಳೆಗಾಲದ ರಾತ್ರಿ ದನಗಳು ಡಾಂಬರಿನ ಮೇಲೇ ಮಲಗಿರುತ್ತವೆ. ಕಪ್ಪು ಹಸು, ಕಪ್ಪು ರಸ್ತೆ, ಜೊತೆಗೆ ಮಳೆ. ಘಟ್ಟದಲ್ಲಿ ನೆರಳಿನ ತಿರುವುಗಳಿಗೆ ಪಾಚಿ. ಇನ್ನು ಮೊದಲ ಮಳೆಯ ಮೊದಲ ಅರ್ಧ ಗಂಟೆ, ಧೂಳೂ ಎಣ್ಣೆಯೂ ಕಲಸಿಕೊಂಡು, ಎಲ್ಲ ಕಡೆಯೂ ಕೆಟ್ಟದ್ದೇ. ಆ ಹೊತ್ತು ಚಹಾದಂಗಡಿಯಲ್ಲಿ ಕಳೆಯಿರಿ.

ಕಬ್ಬಿನ ಸೀಮೆಯ ರಾತ್ರಿಗಳು ನನಗೆ ಆನೆ ಕಾಡಿಗಿಂತ ಹೆಚ್ಚು ಭಯ. ಎದುರಿಗೆ ಒಂಟಿ ದೀಪ ಬಂದರೆ ಅದು ಬೈಕ್ ಅಂತ ನಂಬಬೇಡಿ, ಒಂದು ದೀಪ ಸುಟ್ಟುಹೋದ ಟ್ರ್ಯಾಕ್ಟರ್ ಇದ್ದೀತು. ಮುಂದೆ ಹೋಗುತ್ತಿರುವ ಟ್ರೈಲರಿಗೆ ಹಿಂದೀಪವೇ ಇಲ್ಲದಿರಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಿಮಗೆ ಅದು ಏನೆಂದು ಹೊಳೆಯುವ ಒಂದು ಸೆಕೆಂಡಿನಲ್ಲೇ ಗಾಡಿ ಸುಮಾರು 17 ಮೀಟರ್ ಮುಂದಕ್ಕೆ ಹೋಗಿರುತ್ತದೆ. ಬ್ರೇಕ್ ಕೆಲಸ ಶುರುವಾಗುವುದು ಅಲ್ಲಿಂದಾಚೆ.

ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿರುವುದು 2009ರಿಂದ. ಗೇಟ್ ಹಾಕುವ ಮೊದಲು ದಾಟಿಬಿಡೋಣ ಎಂದು ಎಂಟೂವರೆಗೆ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕತ್ತಲಾದ ಮೇಲೆ ಜಿಂಕೆಗಳು ರಸ್ತೆ ಬದಿಯ ಹುಲ್ಲಿಗೆ ಬಂದಿರುತ್ತವೆ. ಒಂದು ದಾಟಿತೆಂದರೆ ಹಿಂದೆ ಇನ್ನೆರಡು ಇರುತ್ತವೆ. ದಾಟಿದ್ದನ್ನು ನೋಡುತ್ತ ಕೂರಬೇಡಿ, ಅದು ಬಂದ ದಿಕ್ಕು ನೋಡಿ. ತಪ್ಪಿಸಲು ಆಗುವುದೇ ಇಲ್ಲ ಎಂದಾದರೆ ಹ್ಯಾಂಡಲ್ ಎಳೆದಾಡದೆ ನೇರಕ್ಕೇ ಬ್ರೇಕ್ ಹಿಡಿಯಿರಿ, ತಾಗುವ ಕ್ಷಣಕ್ಕೆ ಬಿಡಿ. ನಾಯಿಗೂ ಇದೇ ಲೆಕ್ಕ. ಅಟ್ಟಿಸಿಕೊಂಡು ಬರುವ ನಾಯಿಯನ್ನು ಒದೆಯಲು ಕಾಲೆತ್ತಿದವರು ನಾಯಿಗಿಂತ ಮೊದಲು ಬಿದ್ದಿದ್ದಾರೆ.

ಈಗ ಆನೆ. ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಇಂಜಿನ್ ಆಫ್ ಮಾಡುವುದೂ ಬೇಡ. ಮೊದಲು ಗಾಡಿ ತಿರುಗಿಸಿಟ್ಟುಕೊಳ್ಳಿ, ನೋಡುವುದೆಲ್ಲ ಆಮೇಲೆ. ಮರಿ ಕಂಡರೆ ಇನ್ನಷ್ಟು ಹಿಂದೆ ಸರಿಯಿರಿ. ಸಕಲೇಶಪುರ, ಆಲೂರು ಕಡೆ ಆನೆ ಓಡಾಟದ ಬಗ್ಗೆ ಅರಣ್ಯ ಇಲಾಖೆಯ ಮೊಬೈಲ್ ಸಂದೇಶ ಬರುತ್ತದೆ. ಹೊರಡುವ ಮುಂಚೆ ಊರಿನವರನ್ನು ಒಂದು ಮಾತು ಕೇಳಿ.

ಆನೆ ಕಂಡಾಗ ಗಾಡಿ ತಿರುಗಿಸಲು ಬರಬೇಕಲ್ಲ, ಹಾಗಾಗಿ ತರಗತಿಯ ಕೊನೆಯ ಅಭ್ಯಾಸ, 20 ಅಡಿ ಅಗಲದಲ್ಲಿ ಕಾಲೂರದೆ ಯೂ-ಟರ್ನ್. ಕಳೆದ ಭಾನುವಾರ ಎಲ್ಲರಿಗಿಂತ ಮೊದಲು ಕಾಲೂರಿದವನು ಆನೆ ಪ್ರಶ್ನೆ ಕೇಳಿದ ಹುಡುಗನೇ.