ಉಳಿ ಹಿಡಿದ ಕೈಗೆ ಜೋಮು ಯಾಕೆ?

ಮಡಿಕೇರಿಯಲ್ಲಿ ಜೂನ್ ಮಳೆ ಹಿಡಿಯಿತು ಅಂದರೆ ಚಪ್ಪಲಿ ರಿಪೇರಿಯವರಿಗೆ ಕೈತುಂಬ ಕೆಲಸ. ಅಟ್ಟೆ ಬಾಯಿಬಿಟ್ಟ ಶೂ, ಉಂಗುಷ್ಟ ಕಿತ್ತ ಚಪ್ಪಲಿ, ಜೊತೆಗೆ ಕಡ್ಡಿ ಮುರಿದ ಕೊಡೆಗಳು. ಶುಕ್ರವಾರದ ಸಂತೆ ದಿನವಂತೂ ಕೇಳುವುದೇ ಬೇಡ. ಇಂಥ ಕೆಲಸದವರಿಗೆ ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿಕೊಂಡು ಕೂರಬೇಕಾಗುತ್ತದೆ. ಥಂಡಿ, ವಯಸ್ಸಾಯ್ತು ಅಂತ ಸುಮ್ನೆ ತಳ್ಳಿಹಾಕುತ್ತೇವೆ. ಥಂಡಿಯ ಪಾಲೂ ಇದೆ, ಚಳಿಗೆ ಮರಗಟ್ಟಿದ ಬೆರಳು ಉಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಆದರೆ ಮೂಲ ಇರುವುದು ಕಸುಬಿನಲ್ಲೇ.

ಹೊಲಿಯುವ ಕೈಯನ್ನು ಹತ್ತಿರದಿಂದ ನೋಡಿ. ಮಣಿಕಟ್ಟು ಬಗ್ಗಿಸಿ ಉಳಿ ಚುಚ್ಚಬೇಕು, ಕೊಕ್ಕೆಗೆ ದಾರ ಸಿಕ್ಕಿಸಿ ಹೊರಗೆಳೆಯಬೇಕು, ಆಮೇಲೆ ಎರಡೂ ಕೈಯಲ್ಲಿ ಜಗ್ಗಿ ಬಿಗಿ ಮಾಡಬೇಕು. ಮತ್ತೆ ಅದೇ. ಮಣಿಕಟ್ಟಿನ ಒಂದು ಕಿರಿದಾದ ದಾರಿಯಲ್ಲಿ ಒಂಬತ್ತು ಸ್ನಾಯುರಜ್ಜುಗಳೂ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳು) ಒಂದು ನರವೂ ಒಟ್ಟಿಗೆ ಹಾದುಹೋಗುತ್ತವೆ. ಅಲ್ಲಿ ಊತ ಬಂದರೆ ನರ ನಲುಗುತ್ತದೆ. ಇದಕ್ಕೆ ಕಾರ್ಪಲ್ ಟನಲ್ ತೊಂದರೆ ಅನ್ನುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ಕಿರುಬೆರಳು ಮಾತ್ರ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಪಾದವೂ ಜೋಮು ಹಿಡಿದರೆ ಅಂಟಿನ ಮೇಲೂ ಅನುಮಾನ ಪಡಬೇಕು. ಜಪಾನಿನಲ್ಲಿ 1960ರ ದಶಕದಲ್ಲಿ ಚಪ್ಪಲಿ ಅಂಟಿಸುತ್ತಿದ್ದವರ ನರ ಕೆಡಿಸಿದ್ದು ಅಂಟಿನಲ್ಲಿದ್ದ ಹೆಕ್ಸೇನ್ ಎಂಬ ರಾಸಾಯನಿಕ.

ದುಡಿಮೆಯಿಂದ ಮೈ ಕೆಡುತ್ತದೆ ಎಂಬುದು ವೈದ್ಯರಿಗೆ ಹೊಸ ಸುದ್ದಿಯಲ್ಲ. ಇಟಲಿಯ ಬರ್ನಾರ್ಡಿನೊ ರಾಮಝೀನಿ 1700ರಲ್ಲೇ ಕಸುಬುದಾರರ ಕಾಯಿಲೆಗಳ ಬಗ್ಗೆ ಪುಸ್ತಕ ತಂದ. ಕೂತಲ್ಲೇ ಬೆನ್ನು ಬಾಗಿಸಿ ದುಡಿಯುವ ಜೋಡು ಹೊಲಿಯುವವರೂ ಅದರಲ್ಲಿದ್ದಾರೆ. ಹೆಬ್ಬೆರಳಿನ ಬುಡದ ನೋವನ್ನು ಸ್ವಿಸ್ ವೈದ್ಯ ಡಿ ಕೆರ್ವೇನ್ 1895ರಲ್ಲಿ ವಿವರಿಸಿದ.

ಈ ನಡುವೆ, 1858ರಲ್ಲಿ, ಅಮೆರಿಕದ ಲೈಮನ್ ಬ್ಲೇಕ್ ಅಟ್ಟೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಯಂತ್ರ ಬಂದರೆ ಕೈಗೆ ಆರಾಮ ಅಲ್ವಾ? ಕಾರ್ಖಾನೆಯಲ್ಲಿ ಇರಬಹುದು. ನಮ್ಮ ರಸ್ತೆ ಬದಿಯಲ್ಲಿ ಆದದ್ದು ಉಲ್ಟಾ. ಜೋಡು ಮಾಡುವಾಗ ಅಳತೆ ತೆಗೆಯುವುದು, ಕತ್ತರಿಸುವುದು, ಬಡಿಯುವುದು, ಹೊಲಿಯುವುದು ಹೀಗೆ ಕೈಗೆ ಬದಲಾವಣೆ ಸಿಗುತ್ತಿತ್ತು. ಅದೆಲ್ಲ ಕಾರ್ಖಾನೆ ಪಾಲಾಗಿ ಇವರಿಗೆ ಉಳಿದದ್ದು ಬರೀ ರಿಪೇರಿ, ಅದೂ ಗಟ್ಟಿ ರಬ್ಬರ್ ಅಟ್ಟೆಗೆ ಚುಚ್ಚಿ ಚುಚ್ಚಿ ಹೊಲಿಯುವುದು.

ಕಾನೂನು ಇವರ ಹತ್ತಿರ ಬರಲೇ ಇಲ್ಲ. ಕರೆಂಟ್ ಇದ್ದರೆ 10 ಜನ, ಇಲ್ಲದಿದ್ದರೆ 20 ಜನ ದುಡಿಯುವ ಜಾಗವನ್ನಷ್ಟೇ 1948ರ ಕಾರ್ಖಾನೆ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಂಡಿತು. ಕೊಡೆ ಕೆಳಗೆ ಒಬ್ಬರೇ ಕೂತವರು ಎಲ್ಲಿ ಸೇರುತ್ತಾರೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಕಾರ್ಪಲ್ ಟನಲ್ ತೊಂದರೆಯನ್ನು ಕಸುಬಿನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದರೆ ಪರಿಹಾರ ಕೇಳಲು ಇವರಿಗೆ ಮಾಲೀಕನೇ ಇಲ್ಲ.

ಕೈಕಸುಬಿನವರಿಗಾಗಿ ಕೇಂದ್ರ ಸರ್ಕಾರ ತಂದ 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಕೆಲಸವೂ ಇದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಆ ದುಡ್ಡಲ್ಲಿ ಮೊದಲು ಕೊಳ್ಳಬೇಕಾದ್ದು, ನನ್ನ ಪ್ರಕಾರ, ದಪ್ಪ ಹಿಡಿಯ ಉಳಿ ಮತ್ತು ಮಣಿಕಟ್ಟು ಬಗ್ಗದಷ್ಟು ಎತ್ತರದ ಒಂದು ಹಲಗೆ.