ಹಟ್ಟಿಯಲ್ಲಿ ತೀರ್ಮಾನವಾಗುವ ಕ್ಯಾನ್ಸರ್ ಚಿಕಿತ್ಸೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು ಸೀಮೆಯಲ್ಲಿ ಕುರಿ ಸಾಕುವ ಕಾಡುಗೊಲ್ಲರ ಹಟ್ಟಿಗಳಲ್ಲಾಗಲಿ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರ ಊರುಗಳಲ್ಲಾಗಲಿ, ಒಬ್ಬರಿಗೆ ಕ್ಯಾನ್ಸರ್ ಇದೆಯೆಂದು ಗೊತ್ತಾದಾಗ ಚಿಕಿತ್ಸೆಯ ತೀರ್ಮಾನ ಆ ಒಬ್ಬರ ಕೈಯಲ್ಲಿ ಉಳಿಯುವುದು ಕಡಿಮೆ. ಅಣ್ಣತಮ್ಮಂದಿರು ಕೂತು ಮಾತಾಡುತ್ತಾರೆ, ಹೆಣ್ಣುಮಗಳಾದರೆ ತವರಿಗೆ ಹೇಳಿ ಕಳಿಸುತ್ತಾರೆ, ಮನೆದೇವರ ಗುಡಿಯಲ್ಲಿ ಹೂವು ಕೇಳುತ್ತಾರೆ. ಬಲಗಡೆಯ ಹೂವು ಬಿದ್ದರೆ ಬೆಂಗಳೂರಿಗೆ ಹೊರಡಲು ಅಪ್ಪಣೆಯಾಯಿತೆಂದು ಅರ್ಥ. ಬೀಳದಿದ್ದರೆ ಸ್ಕ್ಯಾನಿಂಗ್ ಫಿಲ್ಮು, ರಕ್ತಪರೀಕ್ಷೆಯ ಚೀಟಿಗಳಿರುವ ಪ್ಲಾಸ್ಟಿಕ್ ಚೀಲ ಗೋಡೆಯ ಮೊಳೆಗೆ ನೇತುಬಿದ್ದು, ಇನ್ನೊಂದು ವಾರ ಕಳೆಯುತ್ತದೆ. ಓದಿದವರು ಇದನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆ ಒಂದು ವಾರದ ಹಿಂದೆ ದೇವರಷ್ಟೇ ಅಲ್ಲ, ಕುರಿ, ಶೇಂಗಾ ಸುಗ್ಗಿ, ಬಸ್ ಚಾರ್ಜು ಮತ್ತು ಐವತ್ತು ವರ್ಷಗಳ ಸರ್ಕಾರಿ ವೈದ್ಯವ್ಯವಸ್ಥೆಯ ಚರಿತ್ರೆಯೂ ಇದೆ.

ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆರಂಭವಾದದ್ದು 1973ರಲ್ಲಿ. ರಾಷ್ಟ್ರೀಯ ಕ್ಯಾನ್ಸರ್ ನಿಯಂತ್ರಣ ಕಾರ್ಯಕ್ರಮ 1975ರ ಹೊತ್ತಿಗೆ ಬಂತು. 1980ರಲ್ಲಿ ಕಿದ್ವಾಯಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಚಿತ್ರದುರ್ಗದಿಂದ ಅದು ಸುಮಾರು 200 ಕಿಲೋಮೀಟರ್. ಮೊಳಕಾಲ್ಮೂರಿನ ಒಳಹಳ್ಳಿಗಳಿಂದ ಇನ್ನೂ ದೂರ. ಗರ್ಭಕೊರಳಿನ ಕ್ಯಾನ್ಸರ್ ಮುಂದುವರಿದಿದ್ದರೆ ವಾರಕ್ಕೆ ಐದು ದಿನದಂತೆ ಐದಾರು ವಾರ ವಿಕಿರಣ ಚಿಕಿತ್ಸೆ, ಅಂದರೆ ಜನರ ಮಾತಿನಲ್ಲಿ 'ಕರೆಂಟ್', ಕೊಡಬೇಕಾಗುತ್ತದೆ. ಒಂದೊಂದು ಸಲದ ಚಿಕಿತ್ಸೆ ಕೆಲವೇ ನಿಮಿಷಗಳದ್ದಾದರೂ ಊರಿನಿಂದ ದಿನಾ ಹೋಗಿಬರುವುದು ಸಾಧ್ಯವಿಲ್ಲದ ಮಾತಾದ್ದರಿಂದ, ರೋಗಿಯ ಜೊತೆಗೆ ಇನ್ನೊಬ್ಬರು ಒಂದೂವರೆ ತಿಂಗಳು ಧರ್ಮಶಾಲೆಯಲ್ಲೋ ಬಾಡಿಗೆಯ ಕೋಣೆಯಲ್ಲೋ ಇರಬೇಕಾಗುತ್ತದೆ. ಅದು ಶೇಂಗಾ ಕೀಳುವ ಕಾಲವಾದರೆ, ಅಥವಾ ಮನೆಯ ಗಂಡಸರು ಕುರಿ ಹೊಡೆದುಕೊಂಡು ವಲಸೆ ಹೋಗಿದ್ದರೆ, ಜೊತೆಗೆ ಇರುವವರು ಯಾರೆಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಚಿಕಿತ್ಸೆ ಶುರುವಾಗುವುದಿಲ್ಲ.

ಹಣದ ನೆರವು ಬಂದದ್ದು ಇನ್ನೂ ತಡವಾಗಿ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸುತ್ತಿತ್ತು. ಸಂಘದ ಸದಸ್ಯತ್ವವೇ ಇಲ್ಲದ ಕುರಿಗಾಹಿಗೆ ಅದರಿಂದ ಉಪಯೋಗವಾಗಲಿಲ್ಲ. 2010ರಲ್ಲಿ ಬಡ ಕುಟುಂಬಗಳ ಚಿಕಿತ್ಸಾ ವೆಚ್ಚ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಕಲಬುರಗಿ ವಿಭಾಗದಲ್ಲಿ ಆರಂಭವಾಗಿ ಆಮೇಲೆ ಉಳಿದ ಜಿಲ್ಲೆಗಳಿಗೆ ಹಬ್ಬಿತು. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಕೊಡುತ್ತದೆ. ಇವು ಸಣ್ಣ ಸಂಗತಿಗಳಲ್ಲ, ಇವುಗಳಿಂದ ಜೀವ ಉಳಿದವರಿದ್ದಾರೆ. ಆದರೆ ಬಿಟ್ಟುಹೋದ ಕೂಲಿಗೂ, ಮಾರಿದ ಕುರಿಗೂ ಯಾವ ಕಾರ್ಡೂ ದುಡ್ಡು ಕೊಡುವುದಿಲ್ಲ.

ಆ ಐವತ್ತು ವರ್ಷಗಳಲ್ಲಿ ಹತ್ತಿರವಿದ್ದದ್ದು ನಾಟಿವೈದ್ಯ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಮರದ ತೊಗಟೆಯ ಔಷಧಿ ಪಡೆಯಲು ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದವರಲ್ಲಿ ದೂರದೂರದ ಜಿಲ್ಲೆಗಳವರಿದ್ದರು. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ನೆಲೆಸಿರುವ, ಹಿಂದೆ ಬೇಟೆಯನ್ನೇ ನಂಬಿದ್ದ ಹಕ್ಕಿಪಿಕ್ಕಿ ಬುಡಕಟ್ಟಿನವರ ಮಟ್ಟಿಗೆ ಗಿಡಮೂಲಿಕೆ ಬದುಕಿನ ಆಧಾರವೇ ಆಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿದ ಮೇಲೆ ಎಣ್ಣೆ, ಬೇರು ಮಾರುವ ಕಸುಬು ಅವರನ್ನು ಆಫ್ರಿಕಾದವರೆಗೂ ಕರೆದೊಯ್ದಿತೆಂಬುದು 2023ರ ಸುಡಾನ್ ಯುದ್ಧದಲ್ಲಿ ಅವರು ಸಿಕ್ಕಿಬಿದ್ದಾಗ ನಾಡಿಗೆಲ್ಲ ತಿಳಿಯಿತು. ಔಷಧಿ ಕೊಡುವವರೇ ತಾವಾಗಿರುವ ಜನರಿಗೆ ನಿಮ್ಮ ಔಷಧಿ ಸುಳ್ಳೆಂದು ಹೇಳಿ ಚಿಕಿತ್ಸೆಗೆ ಕರೆತರಲಾಗದು. ಹಾಗೆಂದು ಸತ್ಯವನ್ನು ಮುಚ್ಚಿಡಲೂ ಆಗದು. ನಾಟಿಮದ್ದು ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಂಥ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಎಲೆಅಡಿಕೆ, ಕಡ್ಡಿಪುಡಿ ಹಾಕುವವರ ಬಾಯಲ್ಲಿ ಖಾರ ತಿಂದರೆ ಉರಿ, ಬಿಳಿ ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು ಕಂಡಾಗ ಸೊಪ್ಪಿನ ರಸ ಹಚ್ಚುತ್ತ ಕಳೆಯುವ ತಿಂಗಳುಗಳಲ್ಲೇ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾದದ್ದು ದವಡೆ ತೆಗೆಯುವವರೆಗೆ ಬೆಳೆಯುತ್ತದೆ.

ಅಪನಂಬಿಕೆಗೂ ಕಾರಣಗಳಿವೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಮೆರಿಕದ ಸರ್ಕಾರೇತರ ಸಂಸ್ಥೆಯಾದ ಪಾಥ್‌ನ ಯೋಜನೆಯೊಂದರಲ್ಲಿ 10ರಿಂದ 14 ವರ್ಷದ ಸುಮಾರು 14,000 ಹುಡುಗಿಯರಿಗೆ ಹಾಕಲಾಯಿತು. ಅವರಲ್ಲಿ ಅನೇಕರು ಬುಡಕಟ್ಟು ಮಕ್ಕಳು. ತಂದೆತಾಯಿ ಸಹಿ ಮಾಡಬೇಕಾದ ಒಪ್ಪಿಗೆ ಪತ್ರಗಳಿಗೆ ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡ ಸುದ್ದಿ ಬಂದ ಮೇಲೆ 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ, ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಖಂಡಿಸಿತು. ಒಳ್ಳೆಯ ಲಸಿಕೆಯೊಂದು ಕೆಟ್ಟ ವಿಧಾನದಿಂದಾಗಿ ಅನುಮಾನಕ್ಕೆ ಗುರಿಯಾದದ್ದು ಇಡೀ ದೇಶದ ಹೆಣ್ಣುಮಕ್ಕಳಿಗೆ ಆದ ನಷ್ಟವೆಂದು ನಾನು ಭಾವಿಸುತ್ತೇನೆ.

ಚಿಕಿತ್ಸೆಯ ತೀರ್ಮಾನ ಯಾರದು ಎಂಬ ಇದೇ ಪ್ರಶ್ನೆ ಕೆನಡಾದಲ್ಲಿ ನ್ಯಾಯಾಲಯಕ್ಕೆ ಹೋಯಿತು. ರಕ್ತಕ್ಯಾನ್ಸರ್ ಇದ್ದ 11 ವರ್ಷದ ಮೂಲನಿವಾಸಿ ಬಾಲಕಿಯ ಕೀಮೋ, ಅಂದರೆ ಔಷಧಿಯಿಂದ ಕೊಡುವ ಕ್ಯಾನ್ಸರ್ ಚಿಕಿತ್ಸೆ, ನಿಲ್ಲಿಸಿ ಪರಂಪರೆಯ ಚಿಕಿತ್ಸೆ ಕೊಡಿಸಲು ಮನೆಯವರು ಹೊರಟಾಗ, ಮಗುವನ್ನು ಸರ್ಕಾರದ ವಶಕ್ಕೆ ಪಡೆಯಬೇಕೆಂದು ಆಸ್ಪತ್ರೆ ಕೇಳಿತು. ಅಲ್ಲಿ ತಲೆಮಾರುಗಳ ಕಾಲ ಮೂಲನಿವಾಸಿಗಳ ಮಕ್ಕಳನ್ನು ಕಸಿದು ವಸತಿ ಶಾಲೆಗೆ ಹಾಕಿದ ನೆನಪು ಇನ್ನೂ ಹಸಿಯಾಗಿತ್ತು. 2014ರ ನವೆಂಬರ್‌ನಲ್ಲಿ ಒಂಟಾರಿಯೊದ ನ್ಯಾಯಾಧೀಶರು ಪರಂಪರೆಯ ಔಷಧಿಯ ಹಕ್ಕು ಸಂವಿಧಾನಬದ್ಧವೆಂದು ಹೇಳಿ ಆಸ್ಪತ್ರೆಯ ಕೋರಿಕೆಯನ್ನು ತಳ್ಳಿಹಾಕಿದರು. 2015ರ ಏಪ್ರಿಲ್‌ನಲ್ಲಿ ಮಗುವಿನ ಹಿತವೇ ಮೊದಲೆಂದು ಅದೇ ತೀರ್ಪಿಗೆ ಸ್ಪಷ್ಟನೆ ಸೇರಿಸಿದರು. ಅಷ್ಟರಲ್ಲಿ ರೋಗ ಮರಳಿ ಬಂದು, ಮನೆಯವರು ಎರಡೂ ಚಿಕಿತ್ಸೆಗಳನ್ನು ಜೊತೆಯಾಗಿ ಕೊಡಿಸಲು ಒಪ್ಪಿದ್ದರು. ಕೀಮೋ ನಿಲ್ಲಿಸಿದ್ದ ಅದೇ ಸೀಮೆಯ ಇನ್ನೊಬ್ಬ ಬಾಲಕಿ ಆ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದಳು.

ನಮ್ಮ ಹಟ್ಟಿಗಳಲ್ಲಿ ಅತಿ ಹೆಚ್ಚು ಕಷ್ಟಕ್ಕೆ ಸಿಲುಕುವವರು ಹೆಂಗಸರು. ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕೆಂಬ ಸೂತಕದ ಕಟ್ಟಳೆ ಕಾಡುಗೊಲ್ಲರಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ಅದು ಗರ್ಭಕೋಶ ಅಥವಾ ಗರ್ಭಕೊರಳಿನ ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದು, ತಡಮಾಡದೆ ಪರೀಕ್ಷೆ ಮಾಡಿಸಬೇಕು. ಆದರೆ ಹೇಳಿಕೊಂಡರೆ ಈ ವಯಸ್ಸಿನಲ್ಲಿ ಮತ್ತೆ ಹೊರಗೆ ಕೂರಬೇಕಲ್ಲ ಎಂಬ ಅಂಜಿಕೆಯಿರುವ ಅಜ್ಜಿ ಬಟ್ಟೆ ಮಡಿಚಿಟ್ಟುಕೊಂಡು ಸುಮ್ಮನಿರುತ್ತಾಳೆ. ನೋವು ಸೊಂಟಕ್ಕೆ ಇಳಿದ ಮೇಲೆ ಆಸ್ಪತ್ರೆಗೆ ಕರೆದೊಯ್ದರೂ ವೈದ್ಯರು ಮಗನನ್ನು ಹೊರಗೆ ಕರೆದು ವಿಷಯ ಹೇಳುತ್ತಾರೆ, ಅವನು ಅವ್ವನಿಗೆ ಗಡ್ಡೆಯೆಂದಷ್ಟೇ ಹೇಳುತ್ತಾನೆ. ಹಟ್ಟಿಯೂ ಆಸ್ಪತ್ರೆಯೂ ಅವಳನ್ನು ಕೇಳುವುದಿಲ್ಲ. ಸಮುದಾಯದ ನಿರ್ಧಾರವನ್ನು ಗೌರವಿಸಬೇಕೆನ್ನುವವರು ಇದನ್ನು ಮರೆಯಬಾರದು.

2025ರ ಮೇ ತಿಂಗಳಲ್ಲಿ ರಾಜ್ಯದ 16 ಜಿಲ್ಲೆಗಳಲ್ಲಿ ಹಗಲು ಆರೈಕೆಯ ಕೀಮೋ ಕೇಂದ್ರಗಳು ಆರಂಭವಾದವು. ಕೀಮೋ ಹತ್ತಿರ ಬಂದಷ್ಟೂ ಕುರಿ ಮಾರದೆ, ಸುಗ್ಗಿ ಬಿಡದೆ ಚಿಕಿತ್ಸೆ ಪಡೆಯುವುದು ಸುಲಭವಾಗುತ್ತದೆ. ಹೂವು ಕೇಳಿ ಬರುತ್ತೇವೆ ಎನ್ನುವ ಮನೆಯವರಿಗೆ ಮುಂದಿನ ಸೋಮವಾರದ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಟ್ಟು, ಆ ದಿನ ಬಾರದಿದ್ದರೆ ಆಶಾ ಕಾರ್ಯಕರ್ತೆಯನ್ನು ಹಟ್ಟಿಗೆ ಕಳಿಸುವುದು ಯಾವ ಆಸ್ಪತ್ರೆಗೂ ಕಷ್ಟವಲ್ಲ. ಆಕೆ ಅದೇ ಹಟ್ಟಿಯವಳಾದರೆ, ಗಂಡಸರು ಕೂತ ಕಟ್ಟೆಯ ಬಳಿ ಮಾತ್ರವಲ್ಲದೆ ಅಡುಗೆಮನೆಗೂ ಹೋಗಿ, ಕಾಯಿಲೆ ಯಾವುದು, ಚಿಕಿತ್ಸೆ ಎಷ್ಟು ದಿನದ್ದು, ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕಾಯಿಲೆಯಾದವಳಿಗೇ ಹೇಳಬಲ್ಲಳು.