ಬೆಳ್ಳಿ ತಟ್ಟೆಯಲ್ಲಿ ಹೊರೆ ಹೊತ್ತ ಹರ್ಕ್ಯುಲಿಸ್

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಚೌಕಾಕಾರದ ಒಂದು ಬೆಳ್ಳಿ ತಟ್ಟೆ ಇದೆ. 1728-29ರದ್ದು. ನಟ್ಟನಡುವೆ ಹರ್ಕ್ಯುಲಿಸ್ ನಿಂತಿದ್ದಾನೆ. ಗ್ರೀಕರ ಕಥೆಯಲ್ಲಿ ಅವನು ಸ್ವಲ್ಪ ಹೊತ್ತು ಆಕಾಶವನ್ನೇ ಹೊತ್ತವನು. ಇಲ್ಲಿ ಹೊತ್ತಿರುವುದು ರಾಜಮುದ್ರೆಯನ್ನು, ಅದರ ಎರಡೂ ಮುಖಗಳನ್ನು. ಅಕ್ಕಪಕ್ಕದಲ್ಲಿ ಚಾಡಿಯೂ ಹೊಟ್ಟೆಕಿಚ್ಚೂ ಮನುಷ್ಯರೂಪ ತಾಳಿವೆ. ಹಿಂದೆ ಲಂಡನ್ ನಗರ ಕಾಣುತ್ತದೆ.

ತಟ್ಟೆ ಮಾಡಿಸಿದವನು ರಾಬರ್ಟ್ ವಾಲ್ಪೋಲ್, ಆಗ ಬ್ರಿಟನ್ನಿನ ಖಜಾನೆ ಅವನ ಕೈಯಲ್ಲಿತ್ತು. 1727ರಲ್ಲಿ ದೊರೆ ಒಂದನೇ ಜಾರ್ಜ್ ತೀರಿಕೊಂಡಾಗ ಹಳೆಯ ಮುದ್ರೆ ಕೆಲಸಕ್ಕೆ ಬಾರದಾಯಿತು. ಅಂಥ ಮುದ್ರೆಯ ಬೆಳ್ಳಿ ಅಧಿಕಾರದಲ್ಲಿದ್ದವನಿಗೇ ಸೇರುವ ವಾಡಿಕೆ ಇತ್ತು. ವಾಲ್ಪೋಲ್ ಅದರಿಂದ ತಟ್ಟೆ ಮಾಡಿಸಿದ. ಭಾರ ಹೊತ್ತವನು ನಾನು, ಬಯ್ಯುವವರೆಲ್ಲ ಹೊಟ್ಟೆಕಿಚ್ಚಿನವರು ಅಂತ ಬೆಳ್ಳಿಯಲ್ಲೇ ಹೇಳಿದ ಹಾಗೆ. ಒಳ್ಳೇ ಚುನಾವಣಾ ಪೋಸ್ಟರ್ ಅಲ್ವಾ?

ಪುರಾಣದ ವೀರನಿಗೆ ಇಂಥ ಚಾಕರಿ ಹಚ್ಚುವುದನ್ನು ಜಾಸ್ತಿ ಬೆಳೆಸಿದ್ದು ಫ್ರಾನ್ಸ್. 1653ರಲ್ಲಿ ಹದಿನಾಲ್ಕು ವರ್ಷದ ದೊರೆ 14ನೇ ಲೂಯಿ ಆಸ್ಥಾನದ ನೃತ್ಯನಾಟಕದಲ್ಲಿ ಉದಯಸೂರ್ಯನಾಗಿ ಕುಣಿದ. ಆಮೇಲೆ ಅವನ ವರ್ಸೇಲ್ಸ್ ಅರಮನೆಯಲ್ಲಿ ಎಲ್ಲಿ ನೋಡಿದರೂ ಸೂರ್ಯದೇವ ಅಪೊಲೊ. ದೊರೆಯ ಮನೆಯಲ್ಲಿ ಇದ್ದದ್ದು ಶ್ರೀಮಂತರಿಗೂ ಬೇಕು. ಆದರೆ ಊರೂರಿನ ಅಕ್ಕಸಾಲಿಗ, ಬಡಗಿ ವರ್ಸೇಲ್ಸ್‌ಗೆ ಹೋಗಿ ನೋಡಿಕೊಂಡು ಬರಲು ಆಗುತ್ತದೆಯೇ? ಅವರಿಗೆ ದಾರಿ ತೋರಿಸಿದ್ದು ಅಲಂಕಾರದ ಮಾದರಿಗಳಿದ್ದ ಅಚ್ಚಿನ ಹಾಳೆಗಳು.

ಈ ಹಾಳೆಗಳಿಗಾಗಿ ತಾಮ್ರದ ತಗಡನ್ನು ಮರಳು ತುಂಬಿದ ಚರ್ಮದ ದಿಂಬಿನ ಮೇಲಿಟ್ಟು ಉಳಿಯಿಂದ ಗೀರುತ್ತಿದ್ದರು. ಬಾಗಿದ ಗೆರೆ ಬೇಕಾದರೆ ಉಳಿಯ ಬದಲು ತಗಡನ್ನೇ ತಿರುಗಿಸುತ್ತಿದ್ದರು. ಗೀರಿದ ಗೆರೆಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಹಾಸಿ ರೋಲರ್ ಕೆಳಗೆ ತೂರಿಸಿದರೆ ಚಿತ್ರ ಬರುತ್ತಿತ್ತು, ಎಡಬಲ ಅದಲುಬದಲಾಗಿ. 1660ರಲ್ಲಿ ಲೂಯಿ ಈ ಕೆಲಸವನ್ನು ಕಸುಬುದಾರ ಸಂಘಗಳ ಹಿಡಿತಕ್ಕೆ ಸಿಗದ ಸ್ವತಂತ್ರ ಕಲೆ ಎಂದು ಸಾರಿದ.

ಇದರಲ್ಲಿ ದೊಡ್ಡ ಹೆಸರು ಜಾನ್ ಬೆರೆನ್. ಲೊರೇನ್ ಪ್ರಾಂತ್ಯದಲ್ಲಿ ಕೋವಿ ಮಾಡುವವರ ಮನೆಯಲ್ಲಿ ಹುಟ್ಟಿದವನು. 1659ರಲ್ಲಿ ಅವನು ಹೊರತಂದದ್ದೂ ಕೋವಿ ಅಲಂಕರಿಸುವವರಿಗೆ ಬೇಕಾದ ಮಾದರಿಗಳನ್ನೇ. 1674ರ ಹೊತ್ತಿಗೆ ದೊರೆಯ ವಿನ್ಯಾಸಗಾರನಾಗಿದ್ದ. ಅವನ ಹಾಳೆಗಳಲ್ಲಿ ತೆಳ್ಳಗಿನ ಬಳ್ಳಿ, ಪುಟ್ಟ ಮಂಟಪ, ಒಳಗೆ ದೇವದೇವತೆ, ಪಕ್ಕದಲ್ಲಿ ಕೋತಿ. ದೇವರಿಗಿಂತ ಕೋತಿಗಳೇ ಚೆನ್ನಾಗಿವೆ ಅಂತ ನನಗನ್ನಿಸುತ್ತದೆ.

ಬೆಳ್ಳಿಯ ಗತಿ ಬೇರೆ. ಯುದ್ಧಕ್ಕೆ ಹಣ ಸಾಲದೆ 1689ರಲ್ಲಿ ಲೂಯಿ ವರ್ಸೇಲ್ಸ್‌ನ ಬೆಳ್ಳಿ ಪೀಠೋಪಕರಣಗಳನ್ನೇ ಕರಗಿಸಿ ನಾಣ್ಯ ಮಾಡಿಸಿದ. ಕಾಗದವನ್ನು ಕರಗಿಸಿ ಯಾರಿಗೇನು ಲಾಭ? ಹಾಗಾಗಿ ಹಾಳೆಗಳು ಉಳಿದವು.

ಕುಶಲಕರ್ಮಿಗಳನ್ನೂ ಅವನೇ ಹೊರಗಟ್ಟಿದ. ಪ್ರಾಟೆಸ್ಟೆಂಟರಿಗೆ ರಕ್ಷಣೆ ಕೊಟ್ಟಿದ್ದ ನಾಂಟ್ ಶಾಸನವನ್ನು 1685ರಲ್ಲಿ ರದ್ದು ಮಾಡಿದ. ಪ್ರಾಟೆಸ್ಟೆಂಟನಾಗಿದ್ದ ವಿನ್ಯಾಸಗಾರ ಡೇನಿಯಲ್ ಮರೋ ಹಾಲೆಂಡಿಗೆ ಹೋದ. ಫ್ರಾನ್ಸಿನ ಬ್ಲುವಾ ಊರಿನ ಕೆತ್ತನೆಗಾರ ಸೈಮನ್ ಗ್ರಿಬ್ಲಿನ್ ಅದಕ್ಕೂ ಮೊದಲೇ ಲಂಡನ್ ಸೇರಿ, 1682ರಲ್ಲಿ ಅಲಂಕಾರ ಮಾದರಿಗಳ ಪುಸ್ತಕ ಹೊರತಂದಿದ್ದ. ಬೆಳ್ಳಿಯ ಮೇಲೆ ಕೆತ್ತಿ, ಅದೇ ಗೆರೆಗೆ ಮಸಿ ತುಂಬಿ ಕಾಗದದ ಪ್ರತಿ ತೆಗೆದಿಟ್ಟುಕೊಳ್ಳುತ್ತಿದ್ದ. ಸಾಮಾನು ಗಿರಾಕಿಯ ಮನೆಗೆ, ಚಿತ್ರ ತನ್ನ ಹತ್ತಿರ.

ವಾಲ್ಪೋಲನ ತಟ್ಟೆ ಮಾಡಿದ ಪಾಲ್ ಡಿ ಲಾಮರಿ ಕೂಡ ಇಂಥದೇ ಫ್ರೆಂಚ್ ಪ್ರಾಟೆಸ್ಟೆಂಟ್ ಕುಟುಂಬದವನು. ಹುಟ್ಟಿದ್ದು 1688ರಲ್ಲಿ, ಹಾಲೆಂಡಿನಲ್ಲಿ. ಕೂಸಾಗಿದ್ದಾಗಲೇ ಲಂಡನ್ನಿಗೆ ಬಂದ.

ನಮ್ಮ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ತಟ್ಟೆಗೆ ಹೆಸರು ಹಾಕಿಸುವಾಗ ಹಾಕಿಕೊಟ್ಟವರ ಹೆಸರು ಕೇಳುತ್ತೇವಾ? ಅಲ್ಲೂ ಅಷ್ಟೇ. ಬೆಳ್ಳಿಯ ಮೇಲಿನ ಗುರುತು ಅಕ್ಕಸಾಲೆ ಯಜಮಾನನದು. ಹರ್ಕ್ಯುಲಿಸ್‌ನನ್ನು ಕೆತ್ತಿದವನು ವಿಲಿಯಂ ಹೊಗಾರ್ತ್ ಅನ್ನುವುದು ತಿಳಿದವರ ಅಂದಾಜು. ಮುಂದೆ ವ್ಯಂಗ್ಯಚಿತ್ರಗಳಿಂದ ಹೆಸರು ಮಾಡಿದವನು. ಹುಡುಗನಾಗಿದ್ದಾಗ ಅವನನ್ನು ಕೆಲಸ ಕಲಿಯಲು ಬಿಟ್ಟಿದ್ದು ಬೆಳ್ಳಿ ಕೆತ್ತುವವನ ಅಂಗಡಿಯಲ್ಲೇ.